ತಕ್ಕಡಿಗೆ ಹಚ್ಚಿದ ಗಂಧ

ಬಂದೂಕಿರುವ ಮನೆಯಲ್ಲಿ ಆಯುಧಪೂಜೆ ಮಾಡುವುದು ಎಷ್ಟು ಕಷ್ಟ ಗೊತ್ತೇ? ಆಯುಧವೇ ಕೈಗೆ ಸಿಗುವುದಿಲ್ಲ!

ನಮ್ಮ ಮನೆಯವರು ಇಲ್ಲಿ ಇಂಗ್ಲೆಂಡಿನ ಬರ್ಚ್‌ವುಡ್‌ನ ಆಫೀಸೊಂದರಲ್ಲಿ ಎಂಜಿನಿಯರ್. ವಾರವಿಡೀ ಡ್ರಾಯಿಂಗ್, ಮೀಟಿಂಗ್. ವೀಕೆಂಡ್ ಬಂದರೆ ಬೇಟೆ ರೈಫಲ್. ಪ್ರತಿ ಗುಂಡಿಗೂ ಬೋಲ್ಟ್ ಹಿಂದೆಳೆದು ಮುಂದೆ ತಳ್ಳಬೇಕಾದ ಹಳೇ ಪದ್ಧತಿಯದು. ಗ್ಯಾರೇಜಿನ ಉಕ್ಕಿನ ಕಪಾಟಿನಲ್ಲಿರುತ್ತದೆ. ಲೈಸೆನ್ಸ್ ಅವರ ಹೆಸರಿನಲ್ಲಿರುವುದರಿಂದ ಬೀಗದ ಕೈ ಹೆಂಡತಿಗೂ ಕೊಡುವಂತಿಲ್ಲ. (ಬ್ಯಾಂಕ್ ಕಾರ್ಡಿನ ಪಿನ್ ಕೊಟ್ಟಿದ್ದಾರೆ, ಹಾಗಾಗಿ ಬೇಸರವಿಲ್ಲ.)

ಅಂಗಡಿಯ ತೋಟಾ ಇವರಿಗೆ ಒಗ್ಗುವುದಿಲ್ಲ. ತಾವೇ ತಯಾರಿಸಬೇಕು. ಹಾರಿಸಿ ಖಾಲಿಯಾದ ಹಿತ್ತಾಳೆ ಕೇಸುಗಳನ್ನು ಆರಿಸಿ ತಂದು, ಉಜ್ಜಿ, ಅಳತೆಗೆ ಒತ್ತಿ, ಮದ್ದು ತೂಗಿ ತುಂಬಿ, ಮೇಲೆ ಗುಂಡು ಕೂರಿಸುವುದು. ಎಲ್ಲದರಲ್ಲೂ ಮದ್ದು ಒಂದೇ ತೂಕವಿದ್ದರೆ ಗುಂಡುಗಳೂ ಒಂದೇ ಕಡೆ ಬೀಳುತ್ತವಂತೆ. ಅಡುಗೆಮನೆಯಲ್ಲಿ ಉಪ್ಪನ್ನು ಕೈಗೆ ಬಂದಷ್ಟು ಸುರಿಯುವ ಮನುಷ್ಯ ಗ್ಯಾರೇಜಿನಲ್ಲಿ ಉಸಿರು ಬಿಗಿಹಿಡಿದು ಮದ್ದು ತೂಗುವುದನ್ನು ನೀವು ನೋಡಬೇಕು!

ಈ ಸಲ ಉಸಿರು ಬಿಗಿಹಿಡಿಯಲು ಕಾರಣವೂ ಇತ್ತು. ಹಡರ್ಸ್‌ಫೀಲ್ಡ್ ಆಚೆ ಜಾರ್ಜ್ ಎಂಬ ರೈತರಿದ್ದಾರೆ. ಅವರು ನೆಟ್ಟ ಸಸಿಗಳನ್ನೆಲ್ಲ ಜಿಂಕೆಗಳು ಮೇಯುತ್ತಿವೆ. ಅಲ್ಲಿ ಬೇಟೆಯಾಡಲು ಅವರು ಒಪ್ಪಬೇಕು. ಇಂಥದೊಂದು ಜಾಗಕ್ಕಾಗಿ ನಮ್ಮವರು ವರ್ಷಗಳಿಂದ ಹುಡುಕುತ್ತಿದ್ದರು. ಜಾರ್ಜ್ ಹಾಕಿದ್ದು ಒಂದೇ ಷರತ್ತು: ಮೊದಲು ಕಾಗದದ ಗುರಿಗೆ ಹೊಡೆದು ತೋರಿಸಬೇಕು, ಗುಂಡುಗಳೆಲ್ಲ ಅಂಗೈ ಅಗಲದೊಳಗೆ ಬೀಳಬೇಕು. ನ್ಯಾಯವೇ ತಾನೇ? ಗುಂಡು ಕೆಳಗೆ ಬಿದ್ದರೆ ಜಿಂಕೆ ಕಾಲು ಮುರಿದುಕೊಂಡು ನರಳುತ್ತದೆ.

ಪರೀಕ್ಷೆ ಶನಿವಾರ ಮಧ್ಯಾಹ್ನ. ಶುಕ್ರವಾರ ಆಯುಧಪೂಜೆ.

ಸಂಜೆ ಅವರು ಆಫೀಸಿನಿಂದ ಬಂದ ಮೇಲೆ ಪೂಜೆಗೆ ನಿಂತೆ. ಕಪಾಟಿನ ಬಾಗಿಲಿಗೇ ಹೂಮಾಲೆ ಹಾಕಿದೆ. ಮೇಜಿನ ಮೇಲಿದ್ದ ಕೇಸು ಒತ್ತುವ ಪ್ರೆಸ್ಸಿಗೆ, ಮದ್ದು ತೂಗುವ ತಕ್ಕಡಿಗೆ ಗಂಧ, ಕುಂಕುಮ. ಈ ತಕ್ಕಡಿಗೆ ಒಂದೇ ತಟ್ಟೆ. ಅಂಕಿ ಕೊರೆದ ದಂಡದ ಒಂದು ತುದಿಗೆ ತಟ್ಟೆ, ಇನ್ನೊಂದು ತುದಿ ಬರಿದು. ಅಂಕಿಗಳು ಮಾಸಬಾರದಲ್ಲ? ಅದಕ್ಕೇ ಬರಿದಾದ ತುದಿಯ ಕೆಳಭಾಗಕ್ಕೆ ದಪ್ಪಗೆ ಗಂಧ ಹಚ್ಚಿದೆ. ಎಂಥಾ ಜಾಣತನ!

ಮಂಗಳಾರತಿ ತೆಗೆದುಕೊಂಡವರೇ ನಾಳೆಯ ತೋಟಾ ತುಂಬಲು ಸ್ಟೂಲ್ ಎಳೆದುಕೊಂಡರು.

“ರೀ, ಪೂಜೆಗಿಟ್ಟಿದ್ದನ್ನ ಇವತ್ತು ಮುಟ್ಬಾರ್ದು. ಬೆಳಗ್ಗೆ ಎದ್ದು ಮಾಡ್ಕೊಳ್ಳಿ.”

“ಬೆಳಗ್ಗೆ ಯಾರಿಗೆ ಬೇಕು ಗಡಿಬಿಡಿ? ದೇವ್ರು ಅಡ್ಜಸ್ಟ್ ಮಾಡ್ಕೋತಾನೆ ಬಿಡು.”

ಹೂವು ತೆಗೆದಿಟ್ಟರು. ಕಣ್ಣಿಗೆ ಕಂಡ ಕುಂಕುಮ ಒರೆಸಿದರು. ತಕ್ಕಡಿಯನ್ನು ಸೊನ್ನೆಗೆ ಹೊಂದಿಸಿ ಕೆಲಸ ಶುರು ಮಾಡಿಯೇಬಿಟ್ಟರು.

ಶನಿವಾರ ಚಿತ್ರಾನ್ನದ ಡಬ್ಬಿ ಹಿಡಿದು ನಾನೂ ಹೋದೆ. ಜಾರ್ಜ್ ಗುರಿಯ ಕಾಗದ ಬಿಚ್ಚಿ ತಂದರು. ತೂತುಗಳು ಒಂದರ ಕೆಳಗೊಂದು, ಹಣೆಯ ನಾಮದ ಹಾಗೆ ಉದ್ದಕ್ಕೆ ಇಳಿದಿದ್ದವು!

“ನಾಟ್ ಟುಡೇ, ಲ್ಯಾಡ್. ಮುಂದಿನ ಶನಿವಾರ ಇನ್ನೊಂದು ಸಲ ನೋಡೋಣ,” ಎಂದರು ಜಾರ್ಜ್.

ತಲೆ ನರೆತ ಈ ಲ್ಯಾಡ್ (ಹುಡುಗನಂತೆ!) ಮೋಟರ್‌ವೇ ಉದ್ದಕ್ಕೂ ಲಾರಿಯೊಂದರ ಹಿಂದೆಯೇ ಕಾರು ಓಡಿಸಿದರು. ಚಿತ್ರಾನ್ನ ಹಾಗೇ ವಾಪಸ್ ಬಂತು. ನನಗೂ ಅಳು ಬರುವಂತಾಗಿತ್ತು.

ಮನೆಗೆ ಬಂದವರೇ ಗ್ಯಾರೇಜಿಗೆ ಹೋದರು. ಖಾಲಿ ತಟ್ಟೆಯ ತಕ್ಕಡಿ ಸೊನ್ನೆಯಲ್ಲಿ ನಿಲ್ಲುತ್ತಿಲ್ಲ, ತಟ್ಟೆಯ ಕಡೆಗೇ ವಾಲುತ್ತಿದೆ. ದಂಡ ತಿರುಗಿಸಿ ನೋಡಿದರೆ ಒಣಗಿದ ಗಂಧ.

“ಇದು ನೀನಿಟ್ಟಿದ್ದಾ?”

“ಮತ್ತೆ? ತಕ್ಕಡಿ ಆಯುಧ ಅಲ್ವಾ?”

ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. “ಒಂಚೂರು ಗಂಧ ತೇದ್ಕೊಂಡು ಬಾ,” ಅಂದರು. (ಎಂಜಿನಿಯರನ್ನು ಮದುವೆಯಾದರೆ ಜಗಳಕ್ಕೂ ಪುರಾವೆ ಬೇಕು.) ಹಳೆಯದನ್ನು ಕೆರೆದು, ಅದೇ ಜಾಗಕ್ಕೆ ಹೊಸ ಗಂಧ ಹಚ್ಚಿ, ಸೊನ್ನೆಗೆ ಹೊಂದಿಸಿದರು. ಇಬ್ಬರೂ ಟೀ ಕುಡಿಯುತ್ತಾ ನೋಡುತ್ತಾ ಕೂತೆವು. ಗಂಧ ಒಣಗುತ್ತಾ ಆ ತುದಿ ಹಗುರಾಯಿತು, ತಟ್ಟೆ ಮೆಲ್ಲಗೆ ಕೆಳಗಿಳಿಯಿತು. ಅಂದರೆ ಶುಕ್ರವಾರ ಒಂದೊಂದು ತೋಟಾಕ್ಕೂ ಮದ್ದು ಕಮ್ಮಿಯಾಗುತ್ತಾ ಹೋಗಿತ್ತು. ತುಂಬಿದ ಕ್ರಮದಲ್ಲೇ ಹಾರಿಸಿದ್ದರಿಂದ ಗುಂಡುಗಳೂ ಸಾಲಾಗಿ ಕೆಳಗಿಳಿದಿದ್ದವು.

“ನೋಡ್ದಾ, ಎಲ್ಲಾ ನಿನ್ ಗಂಧದ ಕೆಲ್ಸ!”

“ನಿಮ್ ಅವಸರದ ಕೆಲ್ಸ! ಬೆಳಗ್ಗೆವರೆಗೂ ಬಿಟ್ಟಿದ್ರೆ ಒಣಗಿರ್ತಿತ್ತಲ್ಲ?”

ಎಂಜಿನಿಯರ್ ಸಾಹೇಬರು ಯೋಚಿಸಿದರು. ಲೆಕ್ಕ ನನ್ನ ಕಡೆಗೇ ಇತ್ತು. ತಣ್ಣಗಾದ ಟೀ ಒಂದೇ ಗುಟುಕಿಗೆ ಮುಗಿಸಿದರು.

ಮುಂದಿನ ಶನಿವಾರ? ಅಂಗೈ ಯಾಕೆ, ಬಿಸ್ಕತ್ತು ಇಟ್ಟರೆ ಎಲ್ಲ ತೂತುಗಳೂ ಮುಚ್ಚಿಹೋಗುತ್ತಿದ್ದವು. ಜಾರ್ಜ್ ಕೈಕುಲುಕಿ, ಹೋದ ವಾರ ಏನಾಗಿತ್ತೆಂದು ಕೇಳಿದರು. “ಮಾಯಿಶ್ಚರ್ ಪ್ರಾಬ್ಲಂ,” ಅಂದರು ನಮ್ಮವರು, ನನ್ನ ಮುಖ ನೋಡದೆ.

ಈಗ ಫ್ರೀಜರ್ ತುಂಬಾ ಮಾಂಸ, ಮನೆ ತುಂಬಾ ಸಾರಿನ ಘಮ. ನಮ್ಮವರ ಮುಖದಲ್ಲಿ ಮದುವೆಯ ಫೋಟೋದಲ್ಲೂ ಕಾಣದ ಕಳೆ. ನನಗೂ ಖುಷಿಯೇ. ಜಾರ್ಜರ ಜಮೀನಿನಲ್ಲಿ ಪೊದೆಯ ಹಿಂದೆ ಕೆಮ್ಮದೆ, ಕದಲದೆ ಕಾಯುತ್ತಾರಂತೆ. ನಂಬಲೇಬೇಕು, ಜಿಂಕೆ ಸಿಗುತ್ತಿದೆಯಲ್ಲ.

ಆದರೂ ಒಂದು ಮಾತು ಕೇಳುತ್ತೇನೆ: ಜಿಂಕೆಗಾಗಿ ಅರ್ಧ ದಿನ ಅಲ್ಲಾಡದೆ ಕೂರಬಲ್ಲ ಗಂಡಸಿಗೆ, ಹೆಂಡತಿ ಹೇಳಿದಳೆಂದು ಒಂದು ರಾತ್ರಿ ಸುಮ್ಮನಿರಲು ಏನು ಕಷ್ಟ?