ಅಡಿಹಲಗೆಯಿಲ್ಲದ ಪೆಟ್ಟಿಗೆ

ಎಡೇಹಳ್ಳಿಗೆ ನರಸಿಂಹರಾಜಪುರವೆಂದು ಹೆಸರಾಗಿ ಎಷ್ಟೋ ವರ್ಷವಾಗಿದ್ದರೂ ನಮ್ಮ ಹಿರಿಯರ ಬಾಯಿಗೆ ಅದಿನ್ನೂ ಹತ್ತದಿದ್ದ ಕಾಲ ಅದು. ಅಲ್ಲಿಂದ ಕೊಪ್ಪಕ್ಕೆ ಬರುವ ದಾರಿಯಲ್ಲಿ ನಮ್ಮ ಇಗರ್ಜಿ. ಕಟ್ಟಿಸಿದ ಪಾದ್ರಿಗಳು ಫ್ರಾನ್ಸಿನವರು. ತಮ್ಮ ಹಳ್ಳಿಯ ಆರುನೂರು ವರ್ಷ ಹಳೆಯ ಇಗರ್ಜಿಯನ್ನು ನೆನಪಿನಿಂದಲೇ ಬರೆದು ತೋರಿಸಿ, ಇಲ್ಲಿಯ ಜಂಬಿಟ್ಟಿಗೆಯಲ್ಲಿ ಎಬ್ಬಿಸಿದ್ದರು. ಎರಡು ಮೊಳ ದಪ್ಪದ ಗೋಡೆ, ಮೇಲೆ ಚೂಪಾಗುವ ಸಣ್ಣ ಕಿಟಕಿಗಳು; ಮಧ್ಯಾಹ್ನವೂ ಒಳಗೆ ಕತ್ತಲೆ, ಧೂಪ ಮತ್ತು ಬಾವಲಿಯ ವಾಸನೆ. ಬಾಗಿಲ ಬಳಿ ಜ್ಞಾನಸ್ನಾನದ ಕಲ್ಲಿನ ತೊಟ್ಟಿ, ನೋಡಲು ಒರಳಿನ ದೊಡ್ಡಪ್ಪ. ಗೋಡೆಗೆ ಅಂಟಿದ ಎತ್ತರದ ಮರದ ಪೀಠಕ್ಕೆ ಪಾದ್ರಿಗಳು ಪ್ರವಚನಕ್ಕೆ ಹತ್ತಿದರೆ, ಅದು ಈಗ ಬೀಳುತ್ತದೆಂದು ನಾನು ಕಣ್ಣು ಮುಚ್ಚುತ್ತಿದ್ದೆ. ಪಾಪನಿವೇದನೆಯ ಗೂಡಿನಲ್ಲಿ ಹೇಳಲು ಪಾಪ ಸಾಲದಿದ್ದರೆ ಎಂಬ ಚಿಂತೆಗೆ ಶನಿವಾರವೇ ಅಡುಗೆಮನೆಯ ಬೆಲ್ಲ ಕದಿಯುತ್ತಿದ್ದೆ.

ಈ ಮರಗೆಲಸವೆಲ್ಲ ನನ್ನ ಅಪ್ಪನದು. ಅವನು ಕಾಫಿತೋಟದ ಬಡಗಿ.

ನನಗೆ ಎಂಟು ವರ್ಷವಾಗಿದ್ದಾಗ, ಯುದ್ಧಕ್ಕೆ ಲಾರಿ ಓಡಿಸಲು ಹೋಗಿದ್ದ ನನ್ನ ಒಡಹುಟ್ಟಿದ ಪೌಲಣ್ಣ ಬರ್ಮಾದ ಕಡೆ ಸತ್ತನೆಂದು ಕೊಪ್ಪದಿಂದ ತಂತಿ ಬಂತು. ಅಮ್ಮ ಅಳಲಿಲ್ಲ. ಒನಕೆ ಕೆಳಗಿಟ್ಟು, ತಂತಿ ಓದಿದವರಿಗೆ ಮಜ್ಜಿಗೆ ಕೊಟ್ಟು, ಉಳಿದ ಭತ್ತ ಕುಟ್ಟಿದಳು. ನನಗೂ ಏನೂ ಆಗಲಿಲ್ಲ. ಏನೂ ಆಗುತ್ತಿಲ್ಲವಲ್ಲ ಎಂಬುದೇ ಒಂದು ಹೊಸ ಚಿಂತೆಯಾಯಿತು.

ದೇಹ ದೂರದಲ್ಲಿ ಉಳಿದರೆ, ಅದರ ಬದಲಿಗೆ ಕರಿಬಟ್ಟೆ ಹೊದಿಸಿದ ಪೆಟ್ಟಿಗೆಯೊಂದನ್ನು ಇಗರ್ಜಿಯ ನಡುವೆ ಇಟ್ಟು, ಸುತ್ತ ಆರು ಮೇಣದಬತ್ತಿ ಹಚ್ಚಿ ಪೂಜೆ ಮಾಡುವುದು ಆಗಿನ ಪದ್ಧತಿ. ಹಳೆಯ ಪೆಟ್ಟಿಗೆಗೆ ಗೆದ್ದಲು ಹಿಡಿದಿತ್ತು. ಹೊಸದು ಮಾಡಲು ಪಾದ್ರಿಗಳು ಅಪ್ಪನಿಗೇ ಹೇಳಿದರು. ಬಟ್ಟೆಯಡಿಗೆ ಬರೀ ಚೌಕಟ್ಟು ಸಾಕು, ಅಳತೆ ಎಷ್ಟಾದರೂ ನಡೆಯುತ್ತದೆ ಎಂದರಂತೆ. ಅಪ್ಪ ಮಾತ್ರ ಹಲಸಿನ ಹಲಗೆ ಹಿಡಿದು ಅಮ್ಮನೆದುರು ನಿಂತ.

"ಉದ್ದ ಎಷ್ಟು ಇಡಲಿ?"

"ಅವ್ನು ನಿಮಗಿಂತ ಎರಡು ಬೆರಳು ಎತ್ರ," ಎಂದಳು ಅಮ್ಮ.

ಅಳತೆ ತೆಗೆದುಕೊಂಡ ಮೇಲೆ ಒಳಗೆ ಅಣ್ಣ ಇರಲೇಬೇಕಲ್ಲ? ಪೂಜೆಯ ದಿನ ನಾವು ಪೆಟ್ಟಿಗೆಯ ಪಕ್ಕದ ಚಾಪೆಯಲ್ಲೇ ಕೂತಿದ್ದೆವು. ಬೆಳಿಗ್ಗೆಯಿಂದ ಉಪವಾಸ, ಹೊಟ್ಟೆ ಪಾದ್ರಿಗಳ ಲ್ಯಾಟಿನ್ ಮಂತ್ರಕ್ಕಿಂತ ಜೋರಾಗಿ ಮಾತಾಡುತ್ತಿತ್ತು. ಅಣ್ಣನಿಗೆ ಉಸಿರಾಡಲು ಅಪ್ಪ ತೂತು ಬಿಟ್ಟಿದ್ದಾನೋ ಇಲ್ಲವೋ ಎಂದು ನನಗೆ ಒಂದೇ ಯೋಚನೆ. ಗಂಟೆಯ ಸದ್ದಿಗೆ ಎಲ್ಲರೂ ತಲೆ ಬಗ್ಗಿಸಿದಾಗ ನಾನು ಇನ್ನಷ್ಟು ಬಗ್ಗಿ ಕರಿಬಟ್ಟೆಯ ಅಂಚು ಎತ್ತಿದೆ. ಅಡಿಹಲಗೆಯೇ ಇರಲಿಲ್ಲ. ಕೆಂಪು ನೆಲ, ಒಂದು ಹಿಡಿ ಮರದ ಪುಡಿ.

"ಅಮ್ಮಾ, ಒಳಗೆ ಅಣ್ಣ ಇಲ್ಲ."

ಅಮ್ಮ ನನ್ನನ್ನೇ ನೋಡಿದಳು. "ಸರೀ ನೋಡಿದ್ಯೇನೇ?"

"ನೋಡ್ದೆ. ಖಾಲಿ."

ಅಮ್ಮ ಎದ್ದಳು. ಸೆರಗು ಸರಿಮಾಡಿಕೊಂಡು, ಪೂಜೆಯ ನಡುವೆಯೇ, ತೊಟ್ಟಿ ದಾಟಿ ಹೊರಗೆ ಹೋದಳು. ನಾವು ಮನೆಗೆ ಬರುವಷ್ಟರಲ್ಲಿ ಗಂಜಿ ಬೆಂದಿತ್ತು, ಮೂವರಿಗೆ ನಾಲ್ಕು ಬಟ್ಟಲು ಇಟ್ಟಿದ್ದಳು. ಮಗ ಸತ್ತಿಲ್ಲ, ಕೂಸೇ ಕಣ್ಣಾರೆ ನೋಡಿದೆ ಎಂದು ನೆರೆಯವರಿಗೂ ಹೇಳಿದಳು.

ನಾನು ಏನು ಹೇಳಿದೆನೆಂದು ಅಪ್ಪ ಕೊಟ್ಟಿಗೆಯ ಬಳಿ ನನ್ನನ್ನೇ ಕೇಳಿ ತಿಳಿದುಕೊಂಡ. ಉಳಿಯ ಬಾಯಿ ಮುಟ್ಟಿ ನೋಡಿದ. ಆಮೇಲೆ, "ನೀ ಹೇಳಿದ್ದು ಸುಳ್ಳೇನಲ್ಲ ಬಿಡು. ಅಡಿಗೊಂದು ಹಲಗೆ ಹೊಡ್ದಿದ್ರೆ ಆಗ್ತಿತ್ತು," ಎಂದ.

ಈಗ ನನಗೆ ಐವತ್ತರ ಹತ್ತಿರ. ಬಾಗಿಲು ಹಾಕಿದೆನೋ ಎಂದು ಮೂರು ಸಲ ನೋಡಿ ಬರುವವಳು, ಕಂಡದ್ದನ್ನು ಹೇಳುವ ಮೊದಲು ಆರು ಸಲ ಯೋಚಿಸುತ್ತೇನೆ. ಇಗರ್ಜಿಗೆ ಅಗಲವಾದ ಕಿಟಕಿಗಳು ಬಂದಿವೆ. ಪ್ರವಚನದ ಪೀಠ ಇಳಿಸಿದ್ದಾರೆ, ಕರಿಬಟ್ಟೆಯ ಪೆಟ್ಟಿಗೆಯ ಪದ್ಧತಿ ಹೋಗಿದೆ, ಪೂಜೆ ಕನ್ನಡದಲ್ಲಿ ನಡೆಯುತ್ತದೆ, ಎಲ್ಲ ಅರ್ಥವಾಗುತ್ತದೆ. ಮುಖ ಮರೆಸಿಕೊಳ್ಳಲು ಒಂದು ಕತ್ತಲೆಯ ಮೂಲೆಯೂ ಉಳಿದಿಲ್ಲ. ಹೋದ ವರ್ಷ ಅಮ್ಮ ತೀರಿಕೊಂಡಳು, ಹಿಂದಿರುಗದ ಪೌಲಣ್ಣನಿಗಾಗಿ ಒಂದು ಸಲವೂ ಅಳದೆ. ನಾನೂ ಅತ್ತಿಲ್ಲ. ಮೊದಲು ಅವಳು ಅಳಲಿ ಎಂದು ಇಷ್ಟು ವರ್ಷ ಕಾದಿದ್ದೆ.