ಅತ್ತೆ ಹೊಲಿದ ನೂರಾ ಇಪ್ಪತ್ತೊಂದನೇ ನಂಬರು

ನಮ್ಮ ಅತ್ತೆಗೆ, ಅಂದರೆ ಅಪ್ಪನ ತಂಗಿಗೆ, ಈಗ ಐವತ್ಮೂರು. ಮದುವೆ ಆಗಿಲ್ಲ, ಆಗಲಿಲ್ಲ ಅನ್ನೋ ಕೊರಗೂ ಇಲ್ಲ. ಮೂರನೇ ಮಹಡಿಯಲ್ಲಿ ಅವಳದೊಂದು ಕೋಣೆ. ಪರದೆಯ ಈ ಕಡೆ ಟೈಲರ್ ಅಂಗಡಿ, ಆ ಕಡೆ ಮಂಚ ಮತ್ತು ಒಲೆ. ಕಟ್ಟಡಕ್ಕೆ ಲಿಫ್ಟ್ ಇದೆ. ಅದರ ಬಾಗಿಲಿಗೆ ಅಂಟಿಸಿರುವ 'ರಿಪೇರಿಯಲ್ಲಿದೆ' ಚೀಟಿ ಎಷ್ಟು ಹಳೆಯದು ಅಂದರೆ, ಆ ಚೀಟಿಯನ್ನೇ ಎರಡು ಸಲ ರಿಪೇರಿ ಮಾಡಿದ್ದಾರೆ. ಊರಿನ ಟೈಲರ್‌ಗಳೆಲ್ಲ ಮೆಷಿನ್‌ಗೆ ಮೋಟರ್ ಹಾಕಿಸಿಕೊಂಡು ಹಾಯಾಗಿದ್ದಾರೆ, ಅತ್ತೆ ಮಾತ್ರ ಇನ್ನೂ ಕಾಲಲ್ಲೇ ತುಳಿಯುತ್ತಾಳೆ. ಯಾಕೆ ಅಂದರೆ, ಮೋಟರ್ ಹಾಕಿದರೆ ಬಟ್ಟೆ ನನ್ನ ಮಾತು ಕೇಳಲ್ಲ ಅಂತಾಳೆ. ಅವಳ ಮಾತು ಕೇಳದಿದ್ದರೆ ಬಟ್ಟೆಯಾದರೂ ಅಷ್ಟೆ, ಮನುಷ್ಯರಾದರೂ ಅಷ್ಟೆ, ಅವಳಿಗೆ ಆಗಿಬರೋದಿಲ್ಲ.

ಅವಳದೊಂದು ಪದ್ಧತಿ ಇದೆ. ನೂರು ಅಂಗಿಗೆ ಆರ್ಡರ್ ಬಂದರೆ ನೂರಾ ಒಂದು ಕತ್ತರಿಸುತ್ತಾಳೆ. ಎಲ್ಲಾದರೂ ಕತ್ತರಿ ಜಾರಿದರೆ, ಇಸ್ತ್ರಿಗೆ ಸುಟ್ಟರೆ ಇರಲಿ ಅಂತ. ಮೂವತ್ತು ವರ್ಷದಲ್ಲಿ ಕತ್ತರಿ ಜಾರಿಲ್ಲ. ಹಾಗಾಗಿ ಅವಳ ಮಂಚದ ಕೆಳಗೆ ಯಾರದೂ ಅಲ್ಲದ ಬಟ್ಟೆಗಳ ಗುಡ್ಡೆ ಬಿದ್ದಿದೆ. ನಾನು ಕಾಲೇಜಿಗೆ ಹಾಕಿಕೊಂಡು ಹೋದದ್ದರಲ್ಲಿ ಅರ್ಧ ನರ್ಸ್‌ಗಳದು, ಇನ್ನರ್ಧ ಬ್ಯಾಂಡ್‌ನವರದು.

ಇದೆಲ್ಲ ಶುರುವಾದದ್ದು ಅವಳು ಮೆಟ್ಟಿಲಲ್ಲಿ ಬಿದ್ದಾಗ. ಗುಂಡಿಗಳ ಡಬ್ಬ ಹಿಡಿದು ಇಳಿಯುತ್ತಿದ್ದಳು, ಕಾಲು ಉಳುಕಿತು. ಗುಂಡಿಗಳು ನೆಲಮಹಡಿಯವರೆಗೂ ಉರುಳಿಕೊಂಡು ಹೋದವು. ಫೋನು ಮೇಲೆ, ಅಕ್ಕಪಕ್ಕದವರೆಲ್ಲ ಕೆಲಸಕ್ಕೆ. ಎರಡು ಗಂಟೆ ಅಲ್ಲೇ ಕೂತಿದ್ದಳಂತೆ. ಮೂರು ವಾರದಲ್ಲಿ ಕಾಲೇನೋ ಸರಿಹೋಯಿತು. ಅಪ್ಪನ ತಲೆ ಸರಿಹೋಗಲಿಲ್ಲ.

ನಮ್ಮಪ್ಪ ಫ್ಯಾಕ್ಟರಿಯಲ್ಲಿ ಟೈಂಕೀಪರ್ ಆಗಿದ್ದವನು. ಮೂವತ್ತಾರು ವರ್ಷ ಗೇಟಿನ ಹತ್ತಿರ ಕೂತು, ಒಂದು ನಿಮಿಷ ತಡವಾಗಿ ಬಂದವರಿಗೆಲ್ಲ ಅರ್ಧ ದಿನ ಗೈರುಹಾಜರಿ ಹಾಕಿದವನು. ರಿಟೈರ್ ಆಗಿ ನಾಲ್ಕು ವರ್ಷವಾದರೂ ಆ ಗೇಟು ಅವನ ತಲೆಯೊಳಗೇ ಇದೆ. ಮನೆಯಲ್ಲಿ ಚಹಾ ಎರಡು ನಿಮಿಷ ತಡವಾದರೆ ಗೋಡೆ ಗಡಿಯಾರ ನೋಡಿ ಕೆಮ್ಮುತ್ತಾನೆ. ಅಂಥವನು ಅತ್ತೆಯ ಅಂಗಡಿಗೆ ಬಂದು, ನಿಂತುಕೊಂಡೇ ತೀರ್ಪು ಹೇಳಿದ.

"ನಿನ್ನ ಕಾಲಲ್ಲಿ ಇನ್ನು ಶಕ್ತಿ ಇಲ್ಲ ಕಣೇ. ಅಂಗಡಿ ಮುಚ್ಚು. ನಮ್ಮ ಮನೆ ಹಿಂದಿನ ರೂಮು ಖಾಲಿ ಬಿದ್ದಿದೆ, ಬಂದು ಇರು."

"ನನ್ನ ಕಾಲಿನ ವಿಷಯ ನನ್ನ ಕಾಲಿಗೆ ಬಿಡಣ್ಣ," ಅಂದಳು ಅತ್ತೆ.

ಆ ಹೊತ್ತಿಗೆ ಸರಿಯಾಗಿ ಹಲ್ಲಿನ ಡಾಕ್ಟರು ಒಳಗೆ ಬಂದರು. ಅವರು ಸೈಕಲ್ ಕ್ಲಬ್ಬಿನ ಕಾರ್ಯದರ್ಶಿ. ಊರಾಚೆಯ ಕ್ವಾರಿ ಗುಡ್ಡದ ಮೇಲೆ ಕ್ಲಬ್ಬಿನ ಸೈಕಲ್ ರೇಸಿತ್ತು. ಎದೆಗೆ ಕಟ್ಟಿಕೊಳ್ಳುವ ನಂಬರ್ ಬಟ್ಟೆ ನೂರಾ ಇಪ್ಪತ್ತು ಹೊಲಿದುಕೊಡಲು ಅತ್ತೆಗೆ ಹೇಳಿದ್ದರು. ಅತ್ತೆ ಗಂಟು ಕಟ್ಟಿಕೊಡುತ್ತಾ, ಇದೇನು ರೇಸು ಅಂತ ಕೇಳಿದಳು. ಒಬ್ಬೊಬ್ಬರೇ ಓಡಿಸಬೇಕು, ಆರು ಗಂಟೆ ಕಾಲ, ಗುಡ್ಡ ಸುತ್ತಿ ಬಂದರೆ ಒಂದು ಸುತ್ತು, ಕನಿಷ್ಠ ನಾಲ್ಕು ಸುತ್ತು ಮುಗಿಸಿದವರ ಹೆಸರು ಮಾತ್ರ ಪಟ್ಟಿಗೆ ಬರುತ್ತೆ ಅಂತ ಡಾಕ್ಟರು ವಿವರಿಸಿದರು.

"ಕೂತ್ಕೊಂಡು ತುಳಿಯೋದು ತಾನೆ?" ಅಂದಳು ಅತ್ತೆ. "ನಾನು ದಿನಾ ಒಂಬತ್ತು ಗಂಟೆ ತುಳೀತೀನಿ."

ಡಾಕ್ಟರು ನಕ್ಕರು. ಅಪ್ಪ ನಕ್ಕದ್ದು ಇನ್ನೂ ಜೋರು, ಕೆಲಸ ಕೆಡಿಸಿದ್ದು ಆ ನಗುವೇ. ಅತ್ತೆ ಮೇಜಿನ ಡ್ರಾಯರ್ ಎಳೆದು, ತನ್ನ ಪದ್ಧತಿ ಪ್ರಕಾರ ಜಾಸ್ತಿ ಹೊಲಿದಿಟ್ಟಿದ್ದ ನೂರಾ ಇಪ್ಪತ್ತೊಂದನೇ ನಂಬರು ತೆಗೆದು ಎದೆಗೆ ಹಿಡಿದುಕೊಂಡಳು.

"ಆ ಪಟ್ಟಿಯಲ್ಲಿ ನನ್ನ ಹೆಸರು ಬಂದರೆ ಹಿಂದಿನ ರೂಮಿನ ಮಾತು ಜನ್ಮದಲ್ಲಿ ಎತ್ತಬಾರದು. ಬರಲಿಲ್ಲ ಅಂದ್ರೆ ಮಾರನೇ ದಿನವೇ ಬಂದು ನಿಮ್ಮನೇಲಿ ಇರ್ತೀನಿ. ಆಯ್ತಾ?"

ಅಪ್ಪ ಗಡಿಯಾರ ನೋಡಿ, ಆಯ್ತು ಅಂದ. ರೇಸಿಗೆ ಹದಿನಾರು ದಿನ ಉಳಿದಿತ್ತು.

ಸೈಕಲ್ ನನ್ನದು. ನಾನು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳು. ಒಮ್ಮೆ ತೂಕ ಇಳಿಸುವ ಹುಚ್ಚು ಹಿಡಿದಾಗ, ಗುಡ್ಡ ಹತ್ತುವ ದಪ್ಪ ಟೈರಿನ ಗೇರ್ ಸೈಕಲ್ ಕೊಂಡಿದ್ದೆ. ಹುಚ್ಚು ಬಿಟ್ಟ ಮೇಲೆ ಅದು ಬಾಲ್ಕನಿಯಲ್ಲಿ ಟವೆಲ್ ಒಣಗಿಸುವ ಕೆಲಸ ಮಾಡಿಕೊಂಡಿತ್ತು. ಅತ್ತೆ ಸೈಕಲ್ ಬಿಟ್ಟು ಮೂವತ್ತೈದು ವರ್ಷ. ಮೊದಲ ದಿನ ಕಟ್ಟಡದ ಸುತ್ತ ಎರಡು ಸುತ್ತು ಹಾಕಿ, "ಸಾಕು, ಬಂತು" ಅಂದಳು. ಗೇರುಗಳ ಬಗ್ಗೆ ನಾನು ಅರ್ಧ ಗಂಟೆ ಪಾಠ ಮಾಡಿದೆ. ಗಂಟಲು ಹರಿಯಿತೇ ಹೊರತು ಪ್ರಯೋಜನ ಆಗಲಿಲ್ಲ. ಮಧ್ಯದ ಒಂದು ಗೇರು ಆರಿಸಿಕೊಂಡು, "ಇದೇ ನನಗೆ ಸರಿಯಾಗಿದೆ, ಉಳಿದದ್ದೆಲ್ಲ ದಂಡ" ಅಂದಳು.

ದೊಡ್ಡ ತಲೆನೋವು ಅವಳ ಬಲಗೈ. ಕಾಲು ಮೆಷಿನ್ ನಿಲ್ಲಿಸಬೇಕಾದರೆ ಬಲಗೈಯನ್ನು ಪಕ್ಕದ ಚಕ್ರದ ಮೇಲೆ ಇಡಬೇಕು. ಮೂವತ್ತು ವರ್ಷದ ಅಭ್ಯಾಸ ಹದಿನಾರು ದಿನಕ್ಕೆ ಹೋಗುತ್ತದೆಯೇ? ತಿರುವು ಬಂತು, ನಿಧಾನಿಸಬೇಕು ಅನ್ನಿಸಿದ ತಕ್ಷಣ ಬಲಗೈ ಹ್ಯಾಂಡಲ್ ಬಿಟ್ಟು, ಅಲ್ಲಿಲ್ಲದ ಚಕ್ರ ಹುಡುಕುತ್ತಿತ್ತು. ಮೊದಲ ಸಲ ಬೇಲಿಗೆ ಹೋದಳು, ಎರಡನೇ ಸಲ ಹಾಲಿನ ಬೂತಿಗೆ. ಮೂರನೇ ಸಲ ನನ್ನ ಮೇಲೇ ಬಂದಳು. ಕೊನೆಗೆ ಅವಳ ಬಲಗೈ ಕೈಗವಸನ್ನು ಅವಳೇ ಹ್ಯಾಂಡಲ್‌ಗೆ ಸೇರಿಸಿ ಎರಡು ಹೊಲಿಗೆ ಹಾಕಿಕೊಂಡಳು. ಬಿದ್ದರೆ ಸೈಕಲ್ ಸಮೇತ ಬೀಳ್ತೀಯ ಅಂದೆ. "ಸೈಕಲ್ ನಿನ್ನದು ತಾನೆ," ಅಂದಳು.

ಆ ಹದಿನಾರು ದಿನದಲ್ಲಿ ಒಟ್ಟು ಆರು ದಿನ ಸೈಕಲ್ ಹತ್ತಿದಳು. ಉಳಿದ ದಿನ ಶಾಲೆಯ ಯೂನಿಫಾರ್ಮ್ ಕೊಡೋದಿತ್ತು.

ರೇಸಿನ ದಿನ ಬೆಳಗ್ಗೆ ಏಳಕ್ಕೆ ಸೀಟಿ ಊದಿದರು. ಅಪ್ಪ ತನ್ನ ಹಳೆಯ ಕೈಗಡಿಯಾರ, ಒಂದು ನೋಟ್‌ಬುಕ್ಕು, ಮಡಚುವ ಕುರ್ಚಿ ತಂದು ಗುರುತಿನ ಗೆರೆಯ ಪಕ್ಕ ಕೂತಿದ್ದ. ಯಾರೂ ಕರೆದಿರಲಿಲ್ಲ. ನೂರಾ ಇಪ್ಪತ್ತು ಜನ ಮೈಗಂಟಿದ ಬಟ್ಟೆಯಲ್ಲಿ ನುಗ್ಗಿದರು. ಅವರ ಹಿಂದೆ ನಮ್ಮತ್ತೆ, ಬ್ಯಾಂಡ್‌ನವರ ಪ್ಯಾಂಟು ಹಾಕಿಕೊಂಡು, ಕಾಲರ್ ಕೆಳಗೆ ದಾರ ಪೋಣಿಸಿದ ಸೂಜಿ ಚುಚ್ಚಿಕೊಂಡು ಹೊರಟಳು. ಆ ಸೂಜಿ ಯಾಕೆ ಅಂತ ಕೇಳುವ ಹಾಗಿಲ್ಲ, ಅದು ಸ್ನಾನಕ್ಕೆ ಹೋಗುವಾಗ ಮಾತ್ರ ಅಲ್ಲಿರಲ್ಲ.

ಮೊದಲ ಸುತ್ತು ಎಂಟು ಹತ್ತಕ್ಕೆ ಮುಗಿಯಿತು. ಏರಿನಲ್ಲೆಲ್ಲ ಇಳಿದು ತಳ್ಳಿದ್ದಳು. ನನಗೆ ಹೇಳಿದ್ದು ಏರಿನ ಕಷ್ಟ ಅಲ್ಲ. "ಮುಂದೆ ಹೋದವರದ್ದೆಲ್ಲ ಹಿಂದುಗಡೆಯೇ ನೋಡಿದೆ. ಹನ್ನೊಂದು ಜನರ ಚಡ್ಡಿ ಹೊಲಿಗೆ ಬಿಡ್ತಾ ಇದೆ. ಹಲ್ಲಿನ ಡಾಕ್ಟರದ್ದಂತೂ ಇವತ್ತೋ ನಾಳೆಯೋ," ಅಂದು ಎರಡು ಬಾಳೆಹಣ್ಣು ತಿಂದು ಹೋದಳು. ಎರಡನೇ ಸುತ್ತು ಒಂಬತ್ತೂವರೆಗೆ. ಮುಖ ಕೆಂಪಾಗಿತ್ತು, ಮಾತು ಕಮ್ಮಿಯಾಗಿತ್ತು. ಅತ್ತೆ ಮಾತು ಕಮ್ಮಿ ಮಾಡಿದ್ದು ನೋಡಿ ನನಗೆ ಮೊದಲ ಸಲ ಭಯವಾಯಿತು. ಅಪ್ಪ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, "ಹೀಗೇ ಹೋದ್ರೆ ಮುಗಿಸಿಬಿಡ್ತಾಳಲ್ಲೋ," ಅಂತ ತನಗೇ ಹೇಳಿಕೊಂಡ.

ಮೂರನೇ ಸುತ್ತಿನ ಕೊನೆಗೆ ಅತ್ತೆ ಸೈಕಲ್ ತಳ್ಳಿಕೊಂಡು ಬಂದಳು. ಗಂಟೆ ಹನ್ನೊಂದು ಐದು. ಚೂಪು ಕಲ್ಲು ತಾಗಿ ಹಿಂದಿನ ಟೈರಿನ ಪಕ್ಕ ಮೂರು ಬೆರಳಿನಷ್ಟು ಹರಿದಿತ್ತು. ಬೇರೆ ಟ್ಯೂಬ್ ನನ್ನ ಹತ್ತಿರ ಇತ್ತು, ಟೈರ್ ಇರಲಿಲ್ಲ. ಹರಿದ ಜಾಗದಲ್ಲಿ ಹೊಸ ಟ್ಯೂಬೂ ಹೊರಗೆ ಬಂದು ಪಟ್ ಅನ್ನುವುದು ಗ್ಯಾರಂಟಿ. ಒಬ್ಬರೇ ಓಡಿಸುವ ರೇಸಾದ್ದರಿಂದ ಬೇರೆ ಯಾರೂ ಸೈಕಲ್ ಮುಟ್ಟುವ ಹಾಗಿಲ್ಲ.

ಅತ್ತೆ ಚಕ್ರ ಬಿಚ್ಚಿ, ಟೈರ್ ಕಳಚಿ ತೊಡೆಯ ಮೇಲೆ ಇಟ್ಟುಕೊಂಡಳು. ಹರಿದದ್ದನ್ನು ಬೆರಳಲ್ಲಿ ಸವರಿ, ಕಾಲರ್‌ನಿಂದ ಸೂಜಿ ತೆಗೆದಳು. ಜೀನ್ಸಿಗೆ ಹಾಕುವ ದಪ್ಪ ದಾರ. ಹತ್ತು ನಿಮಿಷದಲ್ಲಿ ಹರಿದ ಬಾಯಿ ಮುಚ್ಚಿಹೋಯಿತು. ಸುತ್ತ ನಿಂತವರು ಚಪ್ಪಾಳೆ ತಟ್ಟಿದರು. ನಾನು ಟ್ಯೂಬ್ ಹಿಡಿದು ತಯಾರಾದೆ.

ಅತ್ತೆ ಏಳಲಿಲ್ಲ. ಮತ್ತೆ ದಾರ ಪೋಣಿಸಿದಳು.

"ಅತ್ತೆ, ಸಾಕು. ನಡಿ."

"ಇದು ಬರೀ ಕಚ್ಚಾ ಹೊಲಿಗೆ."

"ಇನ್ನೊಂದೇ ಸುತ್ತು ತಡ್ಕೊಂಡ್ರೆ ಆಯ್ತಲ್ಲ."

"ನನ್ನ ಕೈಯಿಂದ ಕಚ್ಚಾ ಹೊಲಿಗೆ ಇಲ್ಲೀವರೆಗೆ ಆಚೆ ಹೋಗಿಲ್ಲ. ಅಂಚು ಭದ್ರ ಮಾಡ್ದೆ ಬಿಟ್ರೆ ಎಳೆ ಬಿಡುತ್ತೆ."

ನಾನು ಬೇಡಿಕೊಂಡೆ, ಬೈದೆ, ಕಾಲು ಹಿಡಿಯುವುದೊಂದು ಬಾಕಿ. ಜಪ್ಪಯ್ಯ ಅಂದರೂ ಕೇಳಲಿಲ್ಲ. ಒಂದು ಸಾಲಿನ ಮೇಲೆ ಇನ್ನೊಂದು ಸಾಲು, ಒಳಗಡೆಗೆ ತನ್ನ ಕರವಸ್ತ್ರ ಮಡಚಿ ಅದಕ್ಕೊಂದು ಸುತ್ತು, ಕೊನೆಗೆ ಗಂಟು ಹಾಕಿ ದಾರವನ್ನು ಹಲ್ಲಲ್ಲಿ ಕಚ್ಚಿ ಕತ್ತರಿಸಿ, ದೂರ ಹಿಡಿದು ಒಮ್ಮೆ ಓರೆಗಣ್ಣಲ್ಲಿ ನೋಡಿದಳು. ಹೊರಟಾಗ ಹನ್ನೊಂದು ನಲವತ್ತು. ಅಂಥ ಅಂದವಾದ ಟೈರನ್ನು ಯಾವ ಗಿರಾಕಿಯೂ ಕೇಳಿರಲಿಲ್ಲ. ನನಗೆ ಬಂದ ಕೋಪಕ್ಕೆ ಅವಳಿಗಿಟ್ಟಿದ್ದ ಬ್ರೆಡ್ಡೆಲ್ಲ ನಾನೇ ತಿಂದೆ.

ನಾಲ್ಕನೇ ಸುತ್ತಿಗೆ ಟೈರ್ ಕೈಕೊಡಲಿಲ್ಲ, ಹೊಲಿಗೆಯ ಒಂದು ಎಳೆಯೂ ಅಲುಗಲಿಲ್ಲ. ಸಮಯ ಕೈಕೊಟ್ಟಿತು. ಒಂದು ಗಂಟೆಗೆ ಕೊನೆಯ ಸೀಟಿ ಊದಿದಾಗ ಅತ್ತೆ ಕೆಳಗಿನ ತಿರುವಿನಲ್ಲಿ ಕಾಣುತ್ತಿದ್ದಳು. ಗೆರೆ ದಾಟಿದ್ದು ಒಂದು ನಾಲ್ಕಕ್ಕೆ. ದಾಟಿ, ಹ್ಯಾಂಡಲ್‌ಗೆ ಹೊಲಿದ ಕೈಗವಸಿನಿಂದ ಕೈ ಎಳೆದುಕೊಳ್ಳುವಷ್ಟೂ ತ್ರಾಣವಿಲ್ಲದೆ, ಸೈಕಲ್ ಸಮೇತ ನಿಧಾನವಾಗಿ ಪಕ್ಕಕ್ಕೆ ಮಲಗಿದಳು.

ಹಲ್ಲಿನ ಡಾಕ್ಟರು ಓಡಿ ಬಂದರು. ಅವರ ಚಡ್ಡಿ ಅತ್ತೆ ಹೇಳಿದ ಜಾಗದಲ್ಲೇ ಬಿಟ್ಟಿತ್ತು. "ನಾಲ್ಕು ನಿಮಿಷ ಏನ್ ಮಹಾ, ಹೆಸರು ಸೇರಿಸ್ತೀವಿ," ಅಂದರು. ನಾನು ಅಪ್ಪನ ಮುಖ ನೋಡಿದೆ. ಒಂದು ನಿಮಿಷಕ್ಕೆ ಅರ್ಧ ದಿನ ಕತ್ತರಿಸಿದ ಮಹಾರಾಯ, ಗಡಿಯಾರವನ್ನು ಜೇಬಿಗೆ ಹಾಕಿಕೊಂಡು, "ಬರ್ಕೊಳ್ಳಿ ಡಾಕ್ಟ್ರೇ, ನನ್ನ ವಾಚು ಸ್ವಲ್ಪ ಮುಂದಿದೆ," ಅಂದ.

ಅತ್ತೆ ಮಲಗಿದ್ದಲ್ಲಿಂದಲೇ, "ಬೇಡ," ಅಂದಳು. "ನಾಲ್ಕು ನಿಮಿಷ ಲೇಟು ಅಂದ್ರೆ ಲೇಟೇ. ನಾಳೆ ಬರ್ತೀನಣ್ಣ."

ಬಂದಳು. ಬೆಳಗ್ಗೆ ಎಂಟಕ್ಕೆ, ಮೆಷಿನ್ ಸಮೇತ. ಹಿಂದಿನ ರೂಮಿಗೆ ಬೆಳಕು ಸಾಲದು ಅಂತ ಮೆಷಿನ್ ಹಾಲ್‌ನಲ್ಲಿ ಕೂತಿತು. ಅಂಗಡಿ ಮುಚ್ಚು ಅಂದೆಯಲ್ಲ, ಮುಚ್ಚಿದ್ದೀನಿ, ಹೊಲಿಗೆ ಬಿಡು ಅಂತ ನೀನು ಹೇಳಿರಲಿಲ್ಲ ಅಂದಳು. ಅಪ್ಪ ಪೇಪರ್ ಓದುವ ಕುರ್ಚಿಯ ಮೇಲೆ ಯೂನಿಫಾರ್ಮ್‌ಗಳು. ಅಳತೆ ಕೊಡಲು ಬಂದ ಹೆಂಗಸರು, "ಸ್ವಲ್ಪ ಆಚೆ ಹೋಗ್ತೀರಾ," ಅಂತ ಅವನ ಮನೆಯಿಂದ ಅವನನ್ನೇ ದಿನಕ್ಕೆ ಹತ್ತು ಸಲ ಹೊರಗೆ ಕಳಿಸಿದರು. ಸೋಫಾದಲ್ಲಿ ಗುಂಡುಪಿನ್ನು ಎಲ್ಲಿದೆ ಅಂತ ಅವನು ಕೂತೇ ಕಂಡುಹಿಡಿಯಬೇಕಿತ್ತು. ಅಮ್ಮನೂ ಗಡಿಯಾರ ನೋಡುವುದು ಬಿಟ್ಟು, ಚಹಾವನ್ನು ತನಗೆ ಬೇಕಾದಾಗ ಮಾಡಿದಳು.

ಆದರೆ ಅತ್ತೆ ಗೆದ್ದವಳ ಹಾಗೂ ಇರಲಿಲ್ಲ. ಗಿರಾಕಿಗಳು ಹೋದ ಮೇಲೆ ಹಿಂದಿನ ರೂಮಿನ ಮಂಚದ ಮೇಲೆ ಕೈ ಮಡಚಿ ಕೂತಿರುತ್ತಿದ್ದಳು. ಅತ್ತೆಯ ಕೈ ಸುಮ್ಮನಿದ್ದುದನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಹನ್ನೊಂದನೇ ದಿನ ಅಪ್ಪನೂ ಬಾಗಿಲಲ್ಲಿ ನಿಂತು ಅದನ್ನು ನೋಡಿದ. ಆಮೇಲೆ ಹಾಲ್‌ಗೆ ಬಂದು ಮೆಷಿನ್‌ನ ತಲೆ ಬಿಚ್ಚತೊಡಗಿದ.

ಅತ್ತೆಯ ಕಟ್ಟಡದ ಮೆಟ್ಟಿಲಲ್ಲಿ ಮೆಷಿನ್‌ನ ತಲೆಯನ್ನು ಅವನೇ ಹೊತ್ತ, ಕಬ್ಬಿಣದ ಕಾಲು ನಾನು ಮತ್ತು ಅತ್ತೆ. ಎರಡನೇ ಮಹಡಿ ತಿರುವಿನಲ್ಲಿ ಅಪ್ಪನ ಉಸಿರು ಮೇಲೆ ಕೆಳಗೆ ಆಗಿ, ಮೆಷಿನ್ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಮೆಟ್ಟಿಲ ಮೇಲೆ ಕುಸಿದು ಕೂತ. ಅತ್ತೆ ಬಿದ್ದು ಕೂತಿದ್ದ ಜಾಗವೇ ಅದು.

"ನಿನ್ನ ಕಾಲಲ್ಲಿ ಶಕ್ತಿ ಇಲ್ಲ ಕಣೋ ಅಣ್ಣ," ಅಂದಳು ಅತ್ತೆ.

ಅಪ್ಪ ನಗಲಿಲ್ಲ. "ನೀನು ಇಲ್ಲಿ ಎರಡು ಗಂಟೆ ಕೂತಿದ್ದೆ. ನಾನು ಆಗ ಮನೇಲಿ ಆರಾಮಾಗಿ ಪೇಪರ್ ಓದ್ತಾ ಇದ್ದೆ. ನನಗೆ ಅದೊಂದು ತಲೆಯಿಂದ ಹೋಗ್ತಾ ಇಲ್ಲ," ಅಂದ. "ನನಗೆ ಭಯ ಕಣೇ."

ಅತ್ತೆ ಪಕ್ಕದಲ್ಲಿ ಕೂತಳು. ಅವಳ ಕಣ್ಣು ತುಂಬಿದ್ದು ನಾನು ನೋಡಿದೆ, ನೋಡದವಳ ಹಾಗೆ ಲಿಫ್ಟಿನ ಚೀಟಿ ಓದಿದೆ.

"ಇದನ್ನ ಮೊದಲೇ ಹೇಳ್ಬಾರ್ದಿತ್ತಾ?" ಅಂದಳು. "ಭಯ ಆದ್ರೆ ದಿನಾ ಹತ್ತಿ ಬಂದು ನೋಡ್ಕೊಂಡು ಹೋಗು. ಒಂಬತ್ತು ಗಂಟೆ ಅಂದ್ರೆ ಒಂಬತ್ತು ಗಂಟೆ. ಲೇಟಾದ್ರೆ ಚಹಾ ಇಲ್ಲ."

ಅಂದಿನಿಂದ ಅಪ್ಪ ದಿನಾ ಮೂರು ಮಹಡಿ ಹತ್ತುತ್ತಾನೆ. ಮೊದಲ ವಾರ ನಾಲ್ಕು ಕಡೆ ಕೂರುತ್ತಿದ್ದ, ಈಗ ಒಂದೇ ಕಡೆ, ಅದೂ ಎರಡನೇ ಮಹಡಿ ತಿರುವಿನಲ್ಲಿ. ಹತ್ತಿದ ಸಮಯ ಅದೇ ನೋಟ್‌ಬುಕ್ಕಿನಲ್ಲಿ, ಅತ್ತೆಯ ಸುತ್ತುಗಳ ಕೆಳಗೆ ಬರೆಯುತ್ತಾನೆ. ಒಮ್ಮೆ ಎರಡು ನಿಮಿಷ ತಡವಾಗಿ ಹೋಗಿ ಚಹಾ ಸಿಗದೆ ಬಂದ.

ಮೊನ್ನೆ ಹಲ್ಲಿನ ಡಾಕ್ಟರು ಈ ವರ್ಷದ ನಂಬರ್ ಬಟ್ಟೆಗೆ ಹೇಳಿಹೋದರು. ಮತ್ತೆ ನೂರಾ ಇಪ್ಪತ್ತೇ. ಅತ್ತೆ ಮೇಜಿನ ಮೇಲೆ ಬಟ್ಟೆ ಹರಡಿ ಕತ್ತರಿಸುವಾಗ ನಾನು ಪಕ್ಕದಲ್ಲಿ ಎಣಿಸುತ್ತಿದ್ದೆ. ನೂರಾ ಇಪ್ಪತ್ತೊಂದು ಆದ ಮೇಲೂ ಕತ್ತರಿ ನಿಲ್ಲಲಿಲ್ಲ, ಇನ್ನೊಂದು ಕತ್ತರಿಸಿದಳು. ಅಪ್ಪ ಕುರ್ಚಿಯಲ್ಲಿ ಕೂತು ಚಹಾ ಆರಿಸಿಕೊಳ್ಳುತ್ತಿದ್ದವನು, ಅದು ಯಾರಿಗೆ ಅಂತ ಕೇಳಿದ. ಅತ್ತೆ ಟೇಪು ತೆಗೆದುಕೊಂಡು ಹೋಗಿ ಅವನ ಎದೆಯ ಅಳತೆ ತೆಗೆದಳು.