ದೀಪ ಊದುವವನ ಹಾಡು

ಯಂತ್ರಕ್ಕೆ ಬಿಡುವ ಎಣ್ಣೆಯ ವಾಸನೆ ಎಲ್ಲಿ ಬಂದರೂ ನನಗೆ ಮಂಜೇಶ್ವರದ ನಮ್ಮ ಮನೆಯ ಚಾವಡಿ ನೆನಪಾಗುತ್ತದೆ. ಅಲ್ಲಿ ಮುಕ್ಕಾಲಿಯ ಮೇಲೆ ಮಾವನ ಗ್ರಾಮಫೋನು ಇತ್ತು. ಸಂಜೆಯಾದರೆ ಮಾವ ಅದಕ್ಕೆ ಎಣ್ಣೆ ಬಿಟ್ಟು, ಗರಗರ ಕೀಲಿ ಕೊಟ್ಟು, ಪ್ಲೇಟಿನ ಧೂಳನ್ನು ಪಂಚೆಯ ತುದಿಯಿಂದ ಒರೆಸಿ ಮುಳ್ಳು ಇಡುತ್ತಿದ್ದರು. ಇದ್ದ ಏಳೆಂಟು ಪ್ಲೇಟುಗಳಲ್ಲಿ ಎಲ್ಲರಿಗೂ ಬೇಕಾದದ್ದು ಒಂದೇ, ಹಳ್ಳಿಯವನೊಬ್ಬ ಪೇಟೆಗೆ ಹೋಗಿ ಪಡುವ ಪಾಡಿನ ತಮಾಷೆಯ ಹಾಡು. ಅವನು ಟ್ರಾಮಿನವನ ಹತ್ತಿರ ಚೌಕಾಸಿ ಮಾಡುತ್ತಾನೆ, ಹೋಟೆಲಿನ ನಿಲುಗನ್ನಡಿಯಲ್ಲಿ ಕಂಡವನಿಗೆ ಕೈಮುಗಿಯುತ್ತಾನೆ, ಕೊನೆಗೆ ಬಿಜಲಿ ದೀಪವನ್ನು ಊದಿ ಊದಿ ಸುಸ್ತಾಗಿ ಅಳುತ್ತಾನೆ. ಅಂಥ ಹಾಡುಗಳಿಗೆ ನೀವೂ ನಕ್ಕಿರಬಹುದು. ನಾವಂತೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು.

ನಗದೆ ಕೇಳುತ್ತಿದ್ದವಳು ಅಮ್ಮನ ತಂಗಿ ಸೀತಾ ಚಿಕ್ಕಮ್ಮ ಒಬ್ಬಳೇ. ಮದುವೆಯಾದ ತಿಂಗಳಿಗೇ ಚಿಕ್ಕಪ್ಪ ಬೊಂಬಾಯಿಯ ಹೋಟೆಲ್ ಕೆಲಸಕ್ಕೆ ಹೋಗಿದ್ದರು. ಕೋಣೆ ಸಿಕ್ಕಿದ ಕೂಡಲೇ ಕರೆಸಿಕೊಳ್ಳುತ್ತೇನೆಂದು ಕಾಗದ ಬರೆದಿದ್ದರು. ಅಲ್ಲಿ ಹೋಗಿ ನಾಲ್ಕು ಜನರ ಮುಂದೆ ಗಂಡನ ಮಾನ ಕಳೆಯಬಾರದೆಂದು ಅವಳು ಆ ಹಾಡನ್ನೇ ಪಾಠ ಮಾಡಿಕೊಂಡಳು. ಮಾವ ಮನೆಯಲ್ಲಿಲ್ಲದ ಮಧ್ಯಾಹ್ನ ನನ್ನಿಂದ ಪ್ಲೇಟು ಇಡಿಸಿ, ಕಣ್ಣುಮುಚ್ಚಿ ಕೇಳಿ, "ಈಗ ನೀನು ಟೀಚರು. ನನ್ನತ್ರ ಕೇಳು" ಎನ್ನುತ್ತಿದ್ದಳು.

"ಬಿಜಲಿ ದೀಪ ಆರಿಸುವುದು ಹೇಗೆ?"

"ಊದಬಾರದು. ಗೋಡೆಯಲ್ಲಿ ಸ್ವಿಚ್ಚು ಉಂಟು, ಅದನ್ನು ಒತ್ತುವುದು."

"ಪಾಸು!"

ಆ ಒಂದು ಮಾತಿಗೆ ಅವಳ ಮುಖ ಅರಳುತ್ತಿತ್ತು. ನನಗೋ ಅದು ಬರೀ ಆಟ.

ಬರಬರುತ್ತಾ ಕಾಗದಗಳು ಕಡಿಮೆಯಾದವು, ಆಮೇಲೆ ನಿಂತೇ ಹೋದವು. ಚಿಕ್ಕಪ್ಪನಿಗೆ ಅಲ್ಲಿ ಬೇರೆ ಸಂಸಾರ ಉಂಟೆಂದು ಊರಿಗೆ ಬಂದವರು ಯಾರೋ ಹೇಳಿದರು. ಮಾವ ಆ ಪ್ಲೇಟನ್ನು ಪೆಟ್ಟಿಗೆಯ ತಳಕ್ಕೆ ಸೇರಿಸಿದರು. ಚಿಕ್ಕಮ್ಮನೇ ಬಂದು, "ಅದನ್ನು ಯಾಕೆ ಇಡುವುದಿಲ್ಲ ಅಣ್ಣ? ನನಗೆ ಮರೆತುಹೋಗ್ತದೆ" ಎಂದಳು. ಮಾವ ಪ್ಲೇಟನ್ನು ಹೊರತೆಗೆದು ಕೀಲಿ ಕೊಟ್ಟರು. ಆ ಸಂಜೆ ಯಾರೂ ನಗಲಿಲ್ಲ.

ನಾನು ಹೈಸ್ಕೂಲಿನಲ್ಲಿದ್ದಾಗ ಅವಳು ಕಾಯಿಲೆ ಬಿದ್ದಳು. ರೈಲಿನಲ್ಲಿ ಮಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅವಳು ಕಂಡ ಪೇಟೆ ಅದೊಂದೇ. ಸಂಜೆ ಹಾಸಿಗೆಯ ಮೇಲಿನ ಬಿಜಲಿ ದೀಪ ಹತ್ತಿತು. ಚಿಕ್ಕಮ್ಮ ಬಹಳ ಹೊತ್ತು ಅದನ್ನೇ ನೋಡಿ, ನನ್ನ ಕಡೆ ತಿರುಗಿ, "ಕೇಳು" ಎಂದಳು.

ಕೇಳಿದೆ. ಒಂದು ಮಾತೂ ತಪ್ಪದೆ ಉತ್ತರ ಹೇಳಿ, ನನ್ನ ಮುಖವನ್ನೇ ನೋಡುತ್ತಾ ಕಾದಳು. ನಾನು ಮುಖ ತಿರುಗಿಸಿ ಅವಳ ಹೊದಿಕೆ ಸರಿಮಾಡಿದೆ. ಬೆಳಗಾಗುವಷ್ಟರಲ್ಲಿ ಅವಳು ಇರಲಿಲ್ಲ.

ಪಾಸು ಎಂದು ನಾನು ಹೇಳಬೇಕಿತ್ತು.